ಟೆಸ್ಟ್ ಡ್ರೈವ್‌ಗೆ ಬಂದ ರೇಷ್ಮೆ ಹುಳುಗಳು

"ಇಳೀರಿ!"

ಸೀಟ್ ಬೆಲ್ಟ್ ಎಳೆದುಕೊಳ್ಳುತ್ತಿದ್ದ ನರೇಂದ್ರನ ಕೈ ಅಲ್ಲೇ ನಿಂತಿತು.

"ಯಾರು... ನಾನಾ ಮೇಡಂ?"

"ನೀವೇ. ಮೊದಲು ಗಾಡಿಯಿಂದ ಇಳೀರಿ. ನೀವು ಹಾಕ್ಕೊಂಡಿರೋ ಸೆಂಟು ನನ್ನ ಹುಳಗಳಿಗೆ ಆಗಲ್ಲ."

ಹುಳಗಳು!

ಅವನು ತಿರುಗಿ ನೋಡಿದ. ಹಿಂದಿನ ಸೀಟಿನ ಮೇಲೆ ಒಂದು ನೀಲಿ ಪ್ಲಾಸ್ಟಿಕ್ ಟ್ರೇ. ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ. ಅವಳು ಬಟ್ಟೆಯ ತುದಿ ಎತ್ತಿ ತೋರಿಸಿದಳು. ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಅಕ್ಕಿಕಾಳಿನಷ್ಟಿದ್ದ ರೇಷ್ಮೆ ಹುಳುಗಳು ಗಿಜಿಗಿಜಿ ಎನ್ನುತ್ತಿದ್ದವು.

ರಾಮನಗರದ ಆ ಕಾರ್ ಶೋರೂಮಿನಲ್ಲಿ ನರೇಂದ್ರ ಕೆಲಸಕ್ಕೆ ಸೇರಿ ವರ್ಷಗಳಾಗಿದ್ದವು. ಟೆಸ್ಟ್ ಡ್ರೈವ್‌ಗೆ ಜ್ಯೋತಿಷಿಯನ್ನು ಕರೆತಂದವರನ್ನು ಅವನು ಕಂಡಿದ್ದ. ಎಲ್ಲಾ ಬಲ್ಲ ಭಾವಮೈದುನನನ್ನು ಕರೆತಂದವರನ್ನಂತೂ ದಿನಾ ಕಾಣುತ್ತಿದ್ದ. ಹುಳುಗಳನ್ನು ಕರೆತಂದವರು ಇವಳೇ ಮೊದಲು.

"ಗಾಡಿ ತಗೊಳ್ಳೋದು ನೀವಾ, ಇವುಗಳಾ?" ಎಂದು ನಕ್ಕ.

"ಇವುಗಳೇ. ನಾನು ಓಡಿಸ್ತೀನಿ ಅಷ್ಟೇ."

ಅವಳು ನಗಲಿಲ್ಲ.

ನರೇಂದ್ರ ಇಳಿದ. ನಲ್ಲಿಯಲ್ಲಿ ಕುತ್ತಿಗೆ, ಕೈ ತೊಳೆದುಕೊಂಡ. ಸ್ಟೋರಿನ ಮಕ್ಬೂಲ್‌ನ ಬಳಿ ಒಂದು ಶರ್ಟ್ ಕೇಳಿ ಹಾಕಿಕೊಂಡು ಬಂದ. ಮಕ್ಬೂಲ್ ಒಳ್ಳೇ ದಪ್ಪ ಆಳು. ಆ ಶರ್ಟಿನಲ್ಲಿ ಇನ್ನೊಬ್ಬ ನರೇಂದ್ರ ಹಿಡಿಯುತ್ತಿದ್ದ.

"ಈಗ ಸರೀನಾ ಮೇಡಂ?"

ಅವಳು ಒಮ್ಮೆ ಉಸಿರೆಳೆದು ನೋಡಿದಳು. ತಲೆಯಾಡಿಸಿದಳು.

ಶ್ವೇತ ಎಂದು ಅವಳ ಹೆಸರು. ಕೂಟಗಲ್ ಕಡೆಯವಳು. ಬೆಂಗಳೂರಿನಲ್ಲಿ ರೇಷ್ಮೆ ಕೃಷಿಯಲ್ಲಿ ಎಂ.ಎಸ್ಸಿ. ಓದಿ ಬಂದು ಊರಿನಲ್ಲೇ ಚಾಕಿ ಕೇಂದ್ರ ನಡೆಸುತ್ತಿದ್ದಳು. ಮೊಟ್ಟೆಯೊಡೆದು ಬಂದ ಹುಳುಗಳನ್ನು ಎಳೆ ಸೊಪ್ಪು ಹಾಕಿ ವಾರದ ಮಟ್ಟಿಗೆ ಸಾಕಿ, ಸ್ವಲ್ಪ ಗಟ್ಟಿಯಾದ ಮೇಲೆ ರೈತರ ಮನೆಗಳಿಗೆ ಮುಟ್ಟಿಸುವುದು ಅವಳ ಕೆಲಸ. ಬಾಣಂತಿ ಕೋಣೆ ಇದ್ದ ಹಾಗೆ. ಹೊಗೆ ಆಗದು, ವಾಸನೆ ಆಗದು, ಬಿಸಿಲು ಆಗದು, ಕುಲುಕಾಟ ಆಗದು. ಕುದೂರಿನಿಂದ ಕನಕಪುರದವರೆಗೆ ರೈತರು ಅವಳ ಹುಳುಗಳಿಗೆ ಕಾಯುತ್ತಿದ್ದರು. ಒಂದು ಸಲ ಹುಳು ಕೆಟ್ಟರೆ ಅವರ ಇಡೀ ಬೆಳೆ ಕೆಟ್ಟಂತೆ. ಎರಡು ಸಲ ಕೆಟ್ಟರೆ ಅವರು ಇನ್ನೊಂದು ಕೇಂದ್ರ ನೋಡಿಕೊಳ್ಳುತ್ತಾರೆ.

ಇಷ್ಟು ದಿನ ಓಡಿಸಿದ್ದು ಹಳೆಯ ಡೀಸೆಲ್ ವ್ಯಾನ್. ಅದರ ಹೊಗೆ ಈಗೀಗ ಒಳಗೇ ಬರುತ್ತಿತ್ತು.

ಅದಕ್ಕೇ ಹೊಸ ಗಾಡಿ. ಅದಕ್ಕೇ ಈ ಟ್ರೇ.

ಮೊದಲು ಪೆಟ್ರೋಲ್ ಕಾರು. ಮಾಗಡಿ ರಸ್ತೆಯಲ್ಲಿ ನರೇಂದ್ರ ಓಡಿಸಿದ. ಗಾಡಿ ನೋಡಲು ಬಂದವರು ರಸ್ತೆ ನೋಡುತ್ತಾರೆ, ಡ್ಯಾಶ್‌ಬೋರ್ಡ್ ನೋಡುತ್ತಾರೆ. ಇವಳು ಹಿಂದಿನ ಸೀಟಿನಲ್ಲಿ ಕೂತು ಟ್ರೇ ನೋಡುತ್ತಿದ್ದಳು.

"ತಲೆ ಎತ್ತಿದವು," ಎಂದಳು.

"ಎತ್ತಿದ್ರೆ?"

"ತಿನ್ನೋದು ನಿಲ್ಲಿಸಿವೆ ಅಂತ."

ಆಮೇಲೆ ಹೈಬ್ರಿಡ್. ಅದು ಸದ್ದಿಲ್ಲದೆ ಹೊರಟಿತು. ಅವಳ ಮುಖ ಸ್ವಲ್ಪ ಸಡಿಲವಾಯಿತು. ಏರು ಬಂದಾಗ ಇಂಜಿನ್ ತಾನಾಗಿ ಎಚ್ಚೆತ್ತು ಗಾಡಿ ಸಣ್ಣಗೆ ಮೈ ಕೊಡವಿತು. ಹುಳುಗಳು ಮತ್ತೆ ತಲೆ ಎತ್ತಿದವು.

ಕೊನೆಗೆ ಎಲೆಕ್ಟ್ರಿಕ್. ಏರು, ಇಳಿಜಾರು, ಒಂದು ಹಳ್ಳ, ಎರಡು ಹಂಪು... ಹುಳುಗಳು ತಮ್ಮ ಪಾಡಿಗೆ ತಾವು ಸೊಪ್ಪು ತಿನ್ನುತ್ತಿದ್ದವು.

ಗಾಡಿ ನಿಲ್ಲಿಸಿ ನರೇಂದ್ರ ತಿರುಗಿದ. "ಇದೇ ಫೈನಲ್ ಅಂತ ಅವು ಹೇಳಿದ ಹಾಗಾಯ್ತು, ಅಲ್ವಾ ಮೇಡಂ?"

ಅವಳು ಟ್ರೇಯ ಮೇಲಿನ ಬಟ್ಟೆ ಸರಿಮಾಡಿದಳು.

"ಒಂದು ಕೇಳ್ತೀನಿ. ಇದು ಯಾವತ್ತಾದ್ರೂ ಸ್ಟಾರ್ಟ್ ಆಗದೆ ಇರುತ್ತಾ?"

'ಚಾನ್ಸೇ ಇಲ್ಲ ಮೇಡಂ' ಎನ್ನುವ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ದಿನಕ್ಕೆ ಹತ್ತು ಸಲ ಹೇಳುವ ಮಾತು. ಕನ್ನಡಿಯಲ್ಲಿ ಅವಳ ಕಣ್ಣು ಕಂಡಿತು. ಮಾತು ಹಿಂದಕ್ಕೆ ಹೋಯಿತು.

"ಇರಬಹುದು," ಎಂದ. "ದೊಡ್ಡ ಬ್ಯಾಟರಿ ತುಂಬಾ ಚಾರ್ಜ್ ಇದ್ರೂ ಒಳಗೆ ಇನ್ನೊಂದು ಚಿಕ್ಕ ಬ್ಯಾಟರಿ ಇರುತ್ತೆ, ಎಲ್ಲಾ ಕಾರಿನಲ್ಲೂ ಇರೋ ಹಾಗೆ. ಅದು ಸತ್ತೋದ್ರೆ ಗಾಡಿ ಏಳಲ್ಲ. ಪೆಟ್ರೋಲ್ ಗಾಡಿಗಿಂತ ಕೆಡೋ ಸಾಮಾನು ಕಮ್ಮಿ, ಅದು ನಿಜ. ಕೆಡೋದೇ ಇಲ್ಲ ಅಂದ್ರೆ ಸುಳ್ಳು."

ಅವಳು ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು.

ಸುಳ್ಳು ಹೇಳಿದ್ದರೆ ಗಾಡಿ ಅವತ್ತೇ ಮಾರಾಟವಾಗುತ್ತಿತ್ತು... ಯಾಕೆ ಹೇಳಲಿಲ್ಲ?

"ಯೋಚನೆ ಮಾಡಿ ಹೇಳ್ತೀನಿ," ಎಂದು ಟ್ರೇ ಎತ್ತಿಕೊಂಡು ಹೊರಟಳು.

* * *

ಆ ರಾತ್ರಿ ಊಟದ ಹೊತ್ತಿಗೆ ಶ್ವೇತಳ ಮನೆಯಲ್ಲಿ ಪಂಚಾಯ್ತಿ ಕೂತಿತು.

"ಡೀಸೆಲ್ ತಗೊಳ್ಳಿ ಅತ್ಗೆ," ಎಂದ ಮೈದುನ ಬಾಲರಾಜು. ಅವನು ಪಕ್ಕದ ಮನೆಯಲ್ಲೇ ಸಂಸಾರ ಹೂಡಿದ್ದ. "ಲೋಡ್ ಎಳೀತದೆ. ಎಲ್ಲಿ ನಿಂತ್ರೂ ಮೆಕ್ಯಾನಿಕ್ ಸಿಕ್ತಾನೆ. ಕರೆಂಟ್ ಗಾಡಿ ನಿಂತ್ರೆ ಯಾವನ್ನ ಕರೀತೀರಾ, ಲೈನ್‌ಮ್ಯಾನ್ನಾ?"

"ಡೀಸೆಲ್ ಹೊಗೆಗೇ ತಾನೇ ಇಷ್ಟೆಲ್ಲಾ ಆಗಿರೋದು?"

"ಅಂಗಾದ್ರೆ ಹೈಬ್ರಿಡ್ಡು. ಅದೂ ಐತೆ, ಇದೂ ಐತೆ."

"ನಿನ್ ಹಂಗೆ ಅನ್ನು," ಎಂದಳು ಅತ್ತೆ ಅಂಬುಜಮ್ಮ, ಮುದ್ದೆ ಮುರಿಯುತ್ತಾ. "ಅಲ್ಲಿ ಒಂದ್ ಕಾಲು, ಇಲ್ಲಿ ಒಂದ್ ಕಾಲು."

"ಯವ್ವ, ನೀನು ಸುಮ್ಕಿರು."

"ಯಾಕ್ ಸುಮ್ಕಿರ್ಲಿ? ನಮ್ಮೂರಲ್ಲಿ ಕರೆಂಟೇ ಎಲ್ಲೋ ಹೋಗ್ಬುಡ್ತದೆ, ಇನ್ನು ಕರೆಂಟ್ ಗಾಡಿ ಎಲ್ಲಿಗ್ ಹೋದದು? ಏನಾರ ತಗೊಳವ್ವ ಶ್ವೇತ. ಕೀ ತಿರುಗ್ಸಿದ್ ಕೂಡ್ಲೆ ಹೊರಡ್ಬೇಕು. ಅಷ್ಟೇ ನಾನ್ ಕೇಳಾದು."

ಬಾಲರಾಜು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ.

ಮೂರು ವರ್ಷದ ಹಿಂದೆ, ಒಂದು ಬೆಳಗಿನ ಜಾವ, ಶ್ವೇತಳ ಗಂಡ ದೇವರಾಜುವಿಗೆ ಎದೆನೋವು ಬಂದಿತ್ತು. ಅಂಗಳದಲ್ಲಿ ವ್ಯಾನ್ ಇತ್ತು. ಶ್ವೇತ ಕೀ ತಿರುಗಿಸಿದಳು. ಅದು ಗೊರ್ ಎಂದು ಸುಮ್ಮನಾಯಿತು. ಮತ್ತೆ ತಿರುಗಿಸಿದಳು. ಮತ್ತೆ... ಬಾಲರಾಜು ಓಡಿಹೋಗಿ ಪಕ್ಕದೂರಿನ ಟೆಂಪೋ ತರುವಷ್ಟರಲ್ಲಿ ದೇವರಾಜುವಿಗೆ ಯಾವ ಗಾಡಿಯೂ ಬೇಕಿರಲಿಲ್ಲ.

ಜನ ಬಂದು ಅತ್ತರು. ಅವಳು ಆ ದಿನವೂ ಹೊತ್ತಿಗೆ ಸರಿಯಾಗಿ ಹುಳುಗಳಿಗೆ ಸೊಪ್ಪು ಹಾಕಿದಳು. ಕಲ್ಲು ಮನಸ್ಸಿನವಳು ಎಂದರು. ಹುಳುಗಳಿಗೆ ಸೂತಕ ಗೊತ್ತಿಲ್ಲ ಎಂದು ಅವಳು ಯಾರಿಗೂ ಹೇಳಲಿಲ್ಲ.

ತವರಿನವರು ಕರೆದರು. ಹೋಗಲಿಲ್ಲ. ಅತ್ತೆ ಉಳಿಯೆನ್ನಲಿಲ್ಲ, ಹೋಗೆನ್ನಲೂ ಇಲ್ಲ. ಇಬ್ಬರೂ ಸೇರಿ ಸೊಪ್ಪು ಹೆಚ್ಚಿದರು, ಟ್ರೇ ತೊಳೆದರು. ದಿನಗಳು ಹಾಗೇ ಕಳೆದವು.

* * *

"ಅರ್ತಿಂಗ್ ನೋಡದೆ ನಾನು ಬುಕಿಂಗ್ ತಗೊಳ್ಳಲ್ಲ ಮೇಡಂ," ಎಂದು, ಎಲೆಕ್ಟ್ರಿಕ್ ಗಾಡಿಯನ್ನೇ ಕೇಳಿ ಫೋನ್ ಮಾಡಿದ ಶ್ವೇತಳಿಗೆ ನರೇಂದ್ರ ಹೇಳಿದ. "ಮನೆ ವೈರಿಂಗ್ ಸರಿ ಇಲ್ದಿದ್ರೆ ಚಾರ್ಜರ್ ಕೈಕೊಡುತ್ತೆ. ಆಮೇಲೆ ಎಲ್ಲರೂ ಬೈಯೋದು ಗಾಡೀನ."

ಬಂದ. ಚಾಕಿ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನ ತೊಟ್ಟಿ ಇತ್ತು. ಅಂಬುಜಮ್ಮ ಕೋಲು ಹಿಡಿದ ಮೇಷ್ಟ್ರ ಹಾಗೆ ಪಕ್ಕದಲ್ಲಿ ನಿಂತಿದ್ದಳು.

"ಕಾಲು ಅದ್ದು ಮಗ. ಕೈಯೂ ಅದ್ದು. ಬೀಡಿ ಗೀಡಿ ಸೇದಿಯಾ?"

"ಇಲ್ಲ ಅಮ್ಮ."

"ಹೊಗೆಸೊಪ್ಪು?"

"ಇಲ್ಲ."

"ಮದ್ವೆ?"

"ಅದೂ ಇಲ್ಲ."

"ಅಯ್ಯೋ! ಯಾವ ಚಟವೂ ಇಲ್ವಲ್ಲಪ್ಪ ನಿಂಗೆ!"

ಒಳಗಿದ್ದ ಶ್ವೇತಳಿಗೆ ನಗು ಬಂದಂತಾಯಿತು. ಬರಲಿಲ್ಲ.

ಅವನು ಮೀಟರ್ ನೋಡಿದ. ವೈರ್ ನೋಡಿದ. ಎಲೆಕ್ಟ್ರಿಷಿಯನ್‌ಗೆ ಹೇಳಿ ಹೊಸ ಅರ್ತಿಂಗ್ ಗುಂಡಿ ತೋಡಿಸಿದ. ಹುಳುಗಳ ಕೋಣೆ ಬೆಚ್ಚಗಿಡಲು ಮೊದಲೇ ಇದ್ದ ಜನರೇಟರ್ ಸಾಕು, ಕರೆಂಟ್ ಹೋದ ದಿನ ಅದರಿಂದಲೇ ಚಾರ್ಜ್ ಹಾಕಬಹುದು ಎಂದ. ಆಮೇಲೆ ಜಗಲಿಯ ಮೇಲೆ ಕೂತು ಅವಳ ದಾರಿಗಳನ್ನು ಕೇಳಿದ. ಯಾವ ದಿನ ಯಾವ ಊರು, ಎಷ್ಟು ದೂರ, ಎಲ್ಲಿ ರಸ್ತೆ ಕೆಟ್ಟಿದೆ.

"ಇವತ್ತು ಬಳ್ಳಾರಿ, ನಾಳೆ ಮಂಗಳೂರು ಅಂತ ತಿರುಗೋರಾದ್ರೆ ನಾನೇ ಹೈಬ್ರಿಡ್ ತಗೊಳ್ಳಿ ಅಂತಿದ್ದೆ. ಅವರಿಗೆ ದಾರಿಯಲ್ಲಿ ಪೆಟ್ರೋಲ್ ಬಂಕ್ ಇದ್ರೆ ಸಾಕು. ನಿಮ್ದು ಗೊತ್ತಿರೋ ದಾರಿ, ಸಂಜೆ ಮನೆಗೆ ಬರೋ ಗಾಡಿ. ರಾತ್ರಿ ಚಾರ್ಜರ್ ಚುಚ್ಚಿ ಮಲಗಿದ್ರೆ ಬೆಳಿಗ್ಗೆ ತುಂಬಿರುತ್ತೆ. ಕುದೂರಿಗೆ ಹೋಗಿ, ಮಾಗಡಿ ಮೇಲೆ ಬಂದು, ಕನಕಪುರಕ್ಕೂ ಹೋಗಿ ಬರಬಹುದು."

"ಬ್ಯಾಟರಿ ಹಳತಾದ್ರೆ?"

"ವರ್ಷ ಕಳೆದ ಹಾಗೆ ಓಡೋ ದೂರ ಒಸಿ ಕಮ್ಮಿ ಆಗುತ್ತೆ. ಅದಕ್ಕೇ ಈಗ ನಿಮಗೆ ಬೇಕಾದ್ದಕ್ಕಿಂತ ದೊಡ್ಡ ಬ್ಯಾಟರಿದು ಹೇಳ್ತಿದ್ದೀನಿ."

ಅಂಬುಜಮ್ಮ ಕಾಫಿ ತಂದಳು. ಅವನು ಲೋಟ ತೆಗೆದುಕೊಳ್ಳಲು ಬಾಗಿದಾಗ ಶ್ವೇತ ಗಮನಿಸಿದಳು. ಅವನ ಬಳಿ ಯಾವ ಸುವಾಸನೆಯೂ ಇರಲಿಲ್ಲ. ಸೋಪಿನದೂ ಇಲ್ಲ. ತಲೆಗೆ ಎಣ್ಣೆಯೂ ಇಲ್ಲ.

ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಆಮೇಲೆ ಅವನು ಚಾರ್ಜರ್ ಕೂರಿಸಲು ಬಂದ. ಹಿಂದಿನ ಸೀಟು ಮಡಚಿ ಟ್ರೇಗಳಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಲು ಅಳತೆಗೆ ಬಂದ. ಅಳತೆ ತಪ್ಪಿತೆಂದು ಮತ್ತೆ ಬಂದ.

"ಈ ಹುಡ್ಗನಿಗೆ ಟೇಪು ಓದಕ್ ಬರಲ್ವಾ?" ಎಂದಳು ಅಂಬುಜಮ್ಮ, ಅವನು ಹೋದ ಮೇಲೆ.

"ಬರುತ್ತೆ ಅತ್ತೆ."

"ಹಂಗಂತೀಯಾ!" ಎಂದು ಅತ್ತೆ ಸೊಸೆಯ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

* * *

ಗಾಡಿ ಕೊಡುವ ದಿನ ಶೋರೂಮಿನಲ್ಲಿ ಪೂಜೆ.

ನರೇಂದ್ರ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದ. ಒಳಗೆ ಪಾಲಿಶ್ ಹಚ್ಚಬೇಡಿ, ಸುವಾಸನೆ ಬಾಟಲಿ ಇಡಬೇಡಿ, ಊದುಬತ್ತಿ ಹೊರಗೇ ಬೆಳಗಿ. ಬಾನೆಟ್ ಮೇಲಿನ ಹಾರವನ್ನೂ ಪೂಜೆ ಮುಗಿದ ಕೂಡಲೇ ತೆಗೆಸಿದ.

ಆರತಿ ಎತ್ತಿದ್ದು ಅಂಬುಜಮ್ಮ. ಶ್ವೇತ ಕಂಬದ ಪಕ್ಕ ನಿಂತಿದ್ದಳು. ಯಾರೂ ಅಲ್ಲಿ ನಿಲ್ಲು ಎಂದಿರಲಿಲ್ಲ. ಮೂರು ವರ್ಷದಲ್ಲಿ ಶುಭ ಕಾರ್ಯಗಳಲ್ಲಿ ಎಲ್ಲಿ ನಿಲ್ಲಬೇಕೆಂದು ಕಾಲಿಗೇ ಗೊತ್ತಾಗಿತ್ತು. ಶೋರೂಮಿನ ಹುಡುಗಿ ಬಂದ ಹೆಂಗಸರಿಗೆಲ್ಲ ತುಂಡು ಹೂ ಕೊಟ್ಟಳು. ಅವಳ ಮುಂದೆ ಬಂದು, ತಟ್ಟೆ ನೋಡಿ, ಮುಖ ನೋಡಿ, ಮುಂದಕ್ಕೆ ಹೋದಳು.

ಅಂಬುಜಮ್ಮ ಅದನ್ನು ನೋಡಿದಳು.

ಕೀ ಕೊಡುವಾಗ ಬಾಲರಾಜು ಕೈ ಚಾಚಿದ. ನರೇಂದ್ರ ಅವನನ್ನು ಬಳಸಿಕೊಂಡು ಕಂಬದ ಬಳಿಗೆ ನಡೆದು ಹೋಗಿ ಶ್ವೇತಳ ಅಂಗೈಗೆ ಕೀ ಇಟ್ಟ.

"ನಿಮ್ಮ ಗಾಡಿ."

ಅಷ್ಟೇ ಮಾತು. ಅವಳು ಕೀಯನ್ನು ಅಂಗೈಯಲ್ಲೇ ಮುಚ್ಚಿ ಹಿಡಿದಳು.

ಅದೇ ಹೊತ್ತಿಗೆ ಅಂಬುಜಮ್ಮ ಸೆರಗಿನ ಮರೆಯಲ್ಲಿ ಏನೋ ಹಿಡಿದು ಗಾಡಿಯ ಹಿಂಬಾಗಿಲಿನತ್ತ ಹೋದಳು. ಒಂದು ತುಂಡು ಸೇವಂತಿಗೆ. ಟ್ರೇ ಸ್ಟ್ಯಾಂಡಿನ ಮೇಲುಗಡೆ, ಮುಂದಿನ ಸೀಟಿನ ಮರೆಯಲ್ಲಿದ್ದ ಕೊಕ್ಕೆಗೆ ಅದನ್ನು ಸಿಕ್ಕಿಸಿ, ಕಣ್ಣೊರೆಸಿಕೊಂಡು ಬಂದಳು.

ನರೇಂದ್ರ ನೋಡಿದ. ಅವಳ ಒದ್ದೆ ಕಣ್ಣು ಕಂಡು, ಒಂದು ತುಂಡು ಹೂವು ತಾನೇ, ಎಂದು ಸುಮ್ಮನಾದ.

* * *

ಮರುದಿನ ನಸುಕಿನಲ್ಲಿ ಶ್ವೇತ ಟ್ರೇಗಳನ್ನು ತುಂಬಿ ಕುದೂರಿಗೆ ಹೊರಟಳು. ಗಾಡಿ ಸದ್ದಿಲ್ಲದೆ ಓಡಿತು. ಕೆಂಪಯ್ಯನವರ ಮನೆಗೆ ಹುಳು ಮುಟ್ಟಿಸಿ ಬಂದಳು.

ಹೊತ್ತು ನೆತ್ತಿಗೆ ಬರುವ ಮೊದಲೇ ಕೆಂಪಯ್ಯನವರ ಫೋನ್.

"ಅವ್ವಾ... ಹುಳ ಹಸ್ರು ಕಕ್ತಾವೆ ಕಣವ್ವಾ. ಸೊಪ್ಪು ಮುಟ್ತಾ ಇಲ್ಲ. ತಲೆ ಆಡುಸ್ತಾವೆ..."

ಅವಳು ಹೋಗಿ ನೋಡಿದಳು. ಮೇಲಿನ ಸಾಲಿನಲ್ಲಿದ್ದ ಟ್ರೇಗಳ ಹುಳುಗಳು ಮುದುರಿ ಬಿದ್ದಿದ್ದವು. ಕೆಳಗಿನ ಸಾಲಿನವು ಚೆನ್ನಾಗಿದ್ದವು. ಇದು ರೋಗವಲ್ಲ. ವಿಷ.

"ನನ್ನ ಸೊಪ್ಪಲ್ಲವ್ವ. ಅಮ್ಮನಾಣೆ, ನಾನು ಅದುಕ್ಕೆ ಔಷಧಿ ಎಣ್ಣೆ ಹೊಡೆದಿಲ್ಲ."

"ನಿಮ್ದಲ್ಲ ಕೆಂಪಯ್ಯನೋರೆ. ನನ್ದೇ. ಮುಂದಿನ ಸಲದ್ದು ನಿಮಗೇ ಮೊದಲು ಕೊಡ್ತೀನಿ."

"ನಿನ್ ಮೇಲೆ ನಂಬ್ಕೆ ಐತೆ ಬುಡು," ಎಂದರು ಅವರು. ಆ ನಂಬಿಕೆ ಒಂದೇ ಅವಳ ಬಳಿ ಉಳಿದಿದ್ದ ಆಸ್ತಿ.

ಮನೆಗೆ ಬರುವಾಗಲೇ ನರೇಂದ್ರನಿಗೆ ಫೋನ್ ಮಾಡಿದಳು. "ಈಗಲೇ ಬನ್ನಿ."

ಅವನು ಬರುವ ಹೊತ್ತಿಗೆ ಅಂಗಳದಲ್ಲಿ ಗಾಡಿಯ ಹಿಂಬಾಗಿಲು ತೆರೆದಿತ್ತು. ಅವಳ ಕೈಯಲ್ಲಿ ಬಾಡಿದ ಸೇವಂತಿಗೆ ಇತ್ತು. ನಸುಕಿನ ಮಬ್ಬಿನಲ್ಲಿ ಅವಳಿಗೆ ಕಂಡಿರಲಿಲ್ಲ. ಎಸಳುಗಳು ಉದುರಿ ಮೇಲಿನ ಟ್ರೇಗಳಿಗೆ ಬಿದ್ದಿದ್ದವು.

"ಹೂವಿನ ತೋಟಕ್ಕೆ ಕೀಳೋ ಹಿಂದಿನ ದಿನದವರೆಗೂ ಔಷಧಿ ಹೊಡೀತಾರೆ," ಎಂದಳು. ದನಿ ಏರಲಿಲ್ಲ. "ನಮಗೆ ಏನೂ ಆಗಲ್ಲ. ಹುಳುಗಳಿಗೆ ಒಂದು ಎಸಳು ಸಾಕು. ಇದನ್ನ ಯಾರು ಕಟ್ಟಿದ್ದು?"

ಅಂಬುಜಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

ನರೇಂದ್ರ ಆ ಮುಖ ನೋಡಿದ.

"ನಾನೇ ಮೇಡಂ. ತಪ್ಪಾಯ್ತು."

"ನೀವಾ?"

"ಹೊಸ ಗಾಡಿ... ಚೆನ್ನಾಗಿರುತ್ತೆ ಅಂತ..."

"ಒಳಗೆ ಏನೂ ಇರಬಾರದು ಅಂತ ಊರಿಗೆಲ್ಲಾ ಹೇಳಿದೋರು ನೀವೇ ಅಲ್ವಾ!"

ಅವನು ತಲೆ ತಗ್ಗಿಸಿದ.

"ಅದಿರಲಿ. ನನ್ನ ಗಾಡಿಗೆ ಹೂವು ಮುಡಿಸಿ ಅಂತ ಯಾರು ಕೇಳಿದ್ರು ನಿಮ್ಮನ್ನ? ಊರವರು ನೋಡಿದ್ರೆ ಏನಂತಾರೆ? ನನಗೆ ಹೂವು ಕೊಡೋಕೆ ನೀವ್ಯಾರು?"

ಅವಳು ಗಾಡಿಯ ಹಿಂಬಾಗಿಲು ಹಾಕಿದಳು.

"ಗಾಡಿ ಮಾರಿದ್ರಿ. ಅಲ್ಲಿಗೆ ಮುಗೀತು. ಇನ್ಮೇಲೆ ಬರಬೇಡಿ."

ನರೇಂದ್ರ ಅಂಬುಜಮ್ಮನತ್ತ ನೋಡಲೂ ಇಲ್ಲ. ಬೈಕ್ ಹತ್ತಿ ಹೋದ.

* * *

ಹದಿನೈದು ದಿನ ಕಳೆದಿರಬೇಕು. ಶೋರೂಮಿನಿಂದ ಮಕ್ಬೂಲ್ ಫೋನ್ ಮಾಡಿದ.

"ಮೇಡಂ, ಫಸ್ಟ್ ಸರ್ವಿಸ್‌ದು ನಾನು ನೋಡ್ಕೋತೀನಿ. ನರೇಂದ್ರಣ್ಣ ನಿಮ್ಮ ಗಾಡಿ ನಂಗೆ ಒಪ್ಪಿಸವ್ರೆ. ಚಿಕ್ಕ ಬ್ಯಾಟರಿ ಪ್ರತಿ ಸಲ ಚೆಕ್ ಮಾಡ್ಬೇಕು ಅಂತ ಪ್ರಾಣ ತಿಂತಾವ್ರೆ."

"ಅವರು ಎಲ್ಲಿ?"

"ಇಲ್ಲೇ ಅವ್ರೆ. ಕೊಡ್ಲಾ?"

"ಬೇಡ."

ಮರುದಿನ ಅವಳು ಸೊಪ್ಪು ಹೆಚ್ಚಲು ಕೂತಳು. ಎದುರಿಗೆ ಅತ್ತೆ ಕೂತಿದ್ದಳು. ಕೆಲವು ದಿನಗಳಿಂದ ಅತ್ತೆಗೆ ಊಟ ಸೇರುತ್ತಿರಲಿಲ್ಲ. ಬಿ.ಪಿ. ಮಾತ್ರೆ ಬದಲಾಯಿಸಬೇಕೇನೋ ಎಂದು ಶ್ವೇತ ಅಂದುಕೊಂಡಿದ್ದಳು.

"ಶ್ವೇತ."

"ಹೇಳಿ ಅತ್ತೆ."

"ಆ ಹೂವ ಕಟ್ಟಿದ್ದು ನಾನು ಕಣವ್ವ."

ಚಾಕು ನಿಂತಿತು.

"ಆ ಹುಡ್ಗಿ ಎಲ್ರಿಗೂ ಹೂವ ಕೊಟ್ಬುಟ್ಟು ನಿನ್ ಮುಂದೆ ಬಂದು ಹಂಗೇ ಹೋದ್ಲಲ್ಲ... ನನ್ ಹೊಟ್ಟೆ ಉರ್ದೋಯ್ತು. ನನ್ ಪಾಲಿನ ಹೂವ ನಿಂಗೇ ಮುಡುಸ್ಬೇಕು ಅಂತ ಕೈ ಎತ್ತುದೆ. ಅಷ್ಟು ಜನ ಇದ್ರು. ಧೈರ್ಯ ಬರ್ನಿಲ್ಲ. ನಿನ್ ಗಾಡಿಗಾರ ಮುಡುಸನ ಅಂತ..." ಅಂಬುಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹುಳ ಸಾಕ್ಕಂಡೇ ಮುದುಕಿ ಆದೆ. ಸೊಪ್ಪಿಗೆ ಎಣ್ಣೆ ಬೀಳ್ದಂಗೆ ಕಾಯ್ದೆ. ಹೂವಿಗೂ ಹೊಡೀತಾರೆ ಅನ್ನಾದು ಹೊಳೀನೇ ಇಲ್ಲ ನಂಗೆ."

"ಮತ್ತೆ ಅವರು ಯಾಕೆ..."

"ನಾನೂ ಫೋನ್ ಮಾಡಿ ಕೇಳ್ದೆ. ಯಾಕಪ್ಪ ಮೈ ಮೇಲೆ ಎಳ್ಕೊಂಡೆ ಅಂತ. 'ನಿಮ್ಮ ಮೇಲೆ ಅವರಿಗೆ ಬೇಜಾರಾದ್ರೆ ಇಬ್ರೂ ಒಂದೇ ಮನೇಲಿ ಹೆಂಗಿರ್ತೀರಿ ಅಮ್ಮ? ನನ್ನ ಮೇಲಾದ್ರೆ ನಾನು ಹೊರಗಿನೋನು, ಹೋಗ್ತೀನಿ' ಅಂದ. ಹೇಳ್ಬೇಡಿ ಅಂತ ಆಣೆ ಹಾಕುಸ್ಕೊಂಡ. ಆಣೆ ಮುರಿದೆ. ನಂಗೇನಾರ ಆಗ್ಲಿ."

ಶ್ವೇತ ಚಾಕು ಕೆಳಗಿಟ್ಟಳು.

ಸುಳ್ಳು ಹೇಳಿದ. ಗಾಡಿ ಮಾರಲು ಒಂದು ಸುಳ್ಳು ಹೇಳದವನು... ನನ್ನ ಮನೆ ಒಡೆಯದಿರಲಿ ಎಂದು ಸುಳ್ಳು ಹೇಳಿದ!

"ನನ್ನ ಮುಡಿಗೇ ಮುಡಿಸಬಹುದಿತ್ತಲ್ಲ ಅತ್ತೆ," ಎಂದಳು ಕೊನೆಗೆ. "ನಾನು ಸಾಯ್ತಿರಲಿಲ್ಲ."

ಅಂಬುಜಮ್ಮ ಅವಳನ್ನು ನೋಡಿದಳು. ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಆ ನಗು ನೋಡಿ ಶ್ವೇತಳಿಗೆ ಅಳು ಬಂತು. ಮೂರು ವರ್ಷದ ಅಳು. ಅತ್ತೆಯ ಮಡಿಲಲ್ಲಿ ಸೊಪ್ಪಿನ ಚೂರುಗಳ ನಡುವೆ ಮುಖವಿಟ್ಟು ಅತ್ತಳು. ದೇವರಾಜುವಿಗಾಗಿ ಅತ್ತಳು. ಸತ್ತ ಹುಳುಗಳಿಗಾಗಿ ಅತ್ತಳು. ಕಂಬದ ಪಕ್ಕ ನಿಂತಿದ್ದ ಆ ಹೆಂಗಸಿಗಾಗಿಯೂ ಅತ್ತಳು.

"ಹೋಗ್ ಬಾ," ಎಂದಳು ಅತ್ತೆ, ಅವಳ ಕೂದಲಿನಿಂದ ಸೊಪ್ಪಿನ ಚೂರು ತೆಗೆಯುತ್ತಾ. "ಇವತ್ತು ಭಾನುವಾರ. ಮನೇಲಿ ಇರ್ತಾನೆ."

"ಏನಂತ ಹೋಗ್ಲಿ ಅತ್ತೆ? ಊರವರು..."

"ಊರೋರು ನಿನ್ ಹುಳಕ್ಕೆ ಒಂದಿನ ಸೊಪ್ಪು ತಂದಾಕವ್ರಾ? ಹೋಗು."

* * *

ಚನ್ನಪಟ್ಟಣದಲ್ಲಿ ನರೇಂದ್ರನ ಮನೆ ಇದ್ದ ಗಲ್ಲಿಗೆ ಕಾರು ಹೋಗುವಂತಿರಲಿಲ್ಲ. ಅವಳು ರಸ್ತೆಯಲ್ಲಿ ನಿಲ್ಲಿಸಿ, ಮಕ್ಬೂಲ್ ಹೇಳಿದ ಗುರುತು ಹಿಡಿದು ನಡೆದು ಹೋದಳು. ಹುಳುಗಳಿಲ್ಲದೆ, ಕೆಲಸವಿಲ್ಲದೆ ಅವಳು ಒಬ್ಬಳೇ ಇಷ್ಟು ದೂರ ಬಂದದ್ದು ಇದೇ ಮೊದಲು.

ಅವನು ಜಗಲಿಯ ಮೇಲೆ ಕೂತು ತಾಯಿಗೆ ಅವರೆಕಾಯಿ ಸುಲಿದುಕೊಡುತ್ತಿದ್ದ. ಅವಳನ್ನು ನೋಡಿ ಎದ್ದ. ಮಡಿಲಲ್ಲಿದ್ದ ಕಾಳೆಲ್ಲ ಚೆಲ್ಲಿತು.

"ಮೇಡಂ! ಗಾಡಿ... ಗಾಡಿಗೇನಾದ್ರೂ ಆಯ್ತಾ?"

"ಗಾಡಿ ಚೆನ್ನಾಗಿದೆ."

"ಮತ್ತೆ ಹುಳ?"

"ಚೆನ್ನಾಗಿವೆ. ಕೆಂಪಯ್ಯನೋರ ಮನೇಲಿ ಉಳಿದವು ಗೂಡು ಕಟ್ಟೋ ಹೊತ್ತಿಗೆ ಬಂದಿವೆ."

ಅವನ ತಾಯಿ ಒಮ್ಮೆ ಇವಳನ್ನು, ಒಮ್ಮೆ ಮಗನನ್ನು ನೋಡಿ, "ಕಾಫಿ ಇಡ್ತೀನಿ," ಎಂದು ಒಳಗೆ ಹೋದರು. ಬೇಕಂತಲೇ ನಿಧಾನವಾಗಿ ಹೋದರು.

ಶ್ವೇತ ಜಗಲಿಯ ತುದಿಯಲ್ಲಿ ಕೂತಳು.

"ಅತ್ತೆ ಎಲ್ಲಾ ಹೇಳಿದ್ರು."

ಅವನು ಕಾಳು ಆಯತೊಡಗಿದ. "ಹೇಳ್ಬೇಡಿ ಅಂದಿದ್ದೆ."

"ಯಾಕೆ ಹಾಗೆ ಮಾಡಿದ್ರಿ? ನಾನು ಅಷ್ಟೆಲ್ಲಾ ಅಂದೆ. ನಿಮಗೆ ಏನೂ ಅನಿಸಲಿಲ್ವಾ?"

"ಅನಿಸ್ತು," ಎಂದ. "ಹೂವು ಕೊಡೋಕೆ ನೀವ್ಯಾರು ಅಂದ್ರಲ್ಲ, ಅದು ಚುಚ್ತು. ಯಾಕಂದ್ರೆ... ಕೊಡ್ಬೇಕು ಅಂತ ನನಗೂ ಆಸೆ ಇತ್ತು. ಕಟ್ಟಿದ್ದು ನಾನಲ್ಲ. ಆದ್ರೆ ಪೂರ್ತಿ ಸುಳ್ಳೂ ಅಲ್ಲ."

ಗಲ್ಲಿಯಲ್ಲಿ ಎಲ್ಲೋ ಗೊಂಬೆಗೆ ಮರ ಕಡೆಯುವ ಮಿಷನ್ ಸದ್ದು ಮಾಡುತ್ತಿತ್ತು. ಅದು ನಿಲ್ಲುವವರೆಗೂ ಅವಳು ಕಾದಳು.

"ನರೇಂದ್ರ ಅವರೇ, ನಾನು ನಗೋದು ಕಮ್ಮಿ."

"ಗೊತ್ತು."

"ದೇವರಾಜು ಫೋಟೊ ಗೋಡೆ ಮೇಲಿರುತ್ತೆ. ತೆಗೆಯಲ್ಲ."

"ತೆಗೀಬೇಡಿ. ನಾನೂ ಕೈ ಮುಗೀತೀನಿ."

"ಅತ್ತೇನ ಬಿಟ್ಟು ನಾನು ಎಲ್ಲಿಗೂ ಬರಲ್ಲ."

"ಅವರಿಲ್ದೆ ನೀವೊಬ್ಬರೇ ಬರ್ತೀನಿ ಅಂದ್ರೆ ನಾನೇ ಯೋಚನೆ ಮಾಡ್ಬೇಕಾಗುತ್ತೆ," ಎಂದ ಅವನು. ಒಳಗಿನಿಂದ ಪಾತ್ರೆಯ ಸದ್ದು ಪೂರಾ ನಿಂತುಹೋಗಿತ್ತು. "ಅಮ್ಮ, ಕಾಫಿ ಉಕ್ಕುತ್ತೆ ನೋಡು!"

"ಉಕ್ಕಲ್ಲ, ನೀನ್ ಮಾತಾಡು!" ಎಂದರು ಒಳಗಿನಿಂದ.

ಶ್ವೇತಳ ತುಟಿಯ ತುದಿ ಅಲುಗಿತು. ಅವನು ನೋಡಿಬಿಟ್ಟ. ನೋಡಿದ್ದನ್ನು ಹೇಳಲಿಲ್ಲ. ಹೇಳಿದರೆ ಹಾರಿಹೋಗುತ್ತದೇನೋ ಎಂದು ಕಾಳು ಆಯುತ್ತಲೇ ಇದ್ದ.

"ನಿಮಗೆ ಏನು ಬೇಕು ಅಂತ ನೀವು ಹೇಳಲೇ ಇಲ್ಲ," ಎಂದಳು.

"ಹೇಳ್ಲಾ?"

"ಹೇಳಿ..."

"ನೀವು ಓಡಿಸಿ. ನಾನು ಪಕ್ಕದಲ್ಲಿ ಕೂತ್ಕೋತೀನಿ. ಅಷ್ಟೇ."

ಅವಳು ಜಗಲಿಯ ಮೇಲೆ ದೂರ ಉರುಳಿದ್ದ ಒಂದು ಅವರೆಕಾಳನ್ನು ಎತ್ತಿ ಅವನ ಬಟ್ಟಲಿಗೆ ಹಾಕಿದಳು.

"ನಾಳೆ ಕನಕಪುರದ್ದು ಸರದಿ. ಕೋಳಿ ಕೂಗೋ ಮುಂಚೆ ಹೊರಡಬೇಕು. ಏಳ್ತೀರಾ?"

"ಇವತ್ತು ಮಲಗಿದ್ರೆ ತಾನೇ ಏಳೋದು!"

ಈ ಸಲ ಅವಳು ನಕ್ಕಳು. ಸಣ್ಣಗೆ, ಸದ್ದಿಲ್ಲದೆ. ಆದರೂ ನಕ್ಕಳು.